ಸೋಮವಾರ ಒಪ್ಪತ್ತು ಮಾಡುವ ಮೀನು

ಮಳೆಯೇ ಅಪರೂಪವಾದ ಜಿಲ್ಲೆಯಲ್ಲಿ ಮೀನಿನ ನೌಕರಿ ಮಾಡಿದವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬಸ್ಸು ಹತ್ತಿ ಬರುತ್ತದೆ. ಏಕೀಕರಣವಾಗಿ ಕೆಲವು ವರ್ಷಗಳಾಗಿದ್ದವು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದ್ದ ನನ್ನನ್ನು ಸರಕಾರ ವಿಜಾಪುರಕ್ಕೆ ಮೀನುಗಾರಿಕೆ ಅಧಿಕಾರಿ ಎಂದು ಕಳಿಸಿತು. ಗೋಲಗುಮ್ಮಟದ ಕಡೆಯ ಒಂದು ಓಣಿಯಲ್ಲಿ ಬಾಡಿಗೆ ಮನೆ ಕೇಳಲು ಹೋದೆ. ಮನೆಯ ಮಾಲಕರು ಶುದ್ಧ ಸಸ್ಯಾಹಾರಿಗಳು.

"ಯಾವ ಖಾತೇದಾಗ ಇದ್ದೀರಿ?"

"ಮೀನಿನ ಖಾತೆ."

"ಇಲ್ಲೆ ಎಲ್ಲಿ ಮೀನ ಅದಾವ್ರಿ?"

"ಇಲ್ಲ. ಅದಕ್ಕ ಕಳಿಸ್ಯಾರ."

ಅವರು ಕೀಲಿಕೈ ಕೊಟ್ಟರು. "ಹಂಗಾರ ಮನ್ಯಾಗ ವಾಸನಿ ಬರೂದಿಲ್ಲ. ಇರ್ರಿ."

ಗೌಡರ ಕರಾರು

ತಿಕೋಟಾ ಹತ್ತಿರದ ಒಂದು ಹಳ್ಳಿಯ ಅಂಚಿಗೆ, ಇಳಿಯಲು ಕಲ್ಲಿನ ಪಾವಟಿಗೆಗಳಿದ್ದ ದೊಡ್ಡ ಹೊಂಡವಿತ್ತು. ಬೇಸಿಗೆಯಲ್ಲೂ ಅದರ ತಳದಲ್ಲಿ ನೀರು ನಿಲ್ಲುತ್ತಿತ್ತು. ಗೆಂಡೆ ಜಾತಿಯ ಮೀನು ಸಾಕಲು ಜಿಲ್ಲೆಯಲ್ಲಿ ನನಗೆ ಸಿಕ್ಕ ಜಾಗ ಅದೊಂದೇ. ಹೊಂಡ ಊರ ಗೌಡರ ಮನೆತನದ್ದು. ಊರ ಎಮ್ಮೆಗಳೆಲ್ಲ ಅಲ್ಲಿಯೇ ನೀರು ಕುಡಿಯುತ್ತಿದ್ದವು.

ಗೌಡರು ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತ ನನ್ನ ಯೋಜನೆ ಕೇಳಿದರು.

"ಮೀನ ಬಿಡ್ತೀರಿ. ಬಿಡ್ರಿ. ಅವಕ್ಕ ತಿನ್ನಾಕ ಏನ್ ಹಾಕ್ತೀರಿ?"

ಇಲಾಖೆಯ ಸುತ್ತೋಲೆಯಲ್ಲಿ ಇದ್ದದ್ದು ಒಣಮೀನಿನ ಪುಡಿ. ಕಡಲ ತೀರದಲ್ಲಿ ಸಣ್ಣ ಮೀನು ಒಣಗಿಸಿ, ಕುಟ್ಟಿ, ಚೀಲ ತುಂಬಿ ಕಳಿಸುತ್ತಾರೆ. ನಾನು ಅದನ್ನು ಹೇಳಿದೆ. ಗೌಡರು ಎಲೆ ಅಡಿಕೆ ಉಗುಳಿ ಬಂದರು.

"ನಮ್ಮ ಎಮ್ಮಿ ಕುಡಿಯೋ ನೀರಾಗ ಸತ್ತ ಮೀನಿನ ಹಿಟ್ಟು? ಆ ಎಮ್ಮಿ ಹಾಲು ನಾವು ಕುಡೀಬೇಕು? ಮೇಲೇಳ್ರಿ ಸಾಹೇಬ್ರ."

ನಾನು ಮೇಲೇಳಲಿಲ್ಲ. ಸುತ್ತೋಲೆಯ ಮೇಲೆ ನನಗೂ ನಂಬಿಕೆ ಇರಲಿಲ್ಲ. ಸುತ್ತಲೂ ಶೇಂಗಾ, ಕುಸಬಿ ಬೆಳೆಯುವ ಸೀಮೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಪ್ರೋಟೀನು ತುಂಬಿದೆ. ಗೆಂಡೆ ಮೀನು ಅದನ್ನು ತಿಂದು ಬೆಳೆಯುತ್ತದೆ. ಕಡಲಿನಿಂದ ಸತ್ತ ಮೀನು ತರಿಸಿ ಜೀವಂತ ಮೀನಿಗೆ ತಿನ್ನಿಸುವ ಬುದ್ಧಿ ಯಾರಿಗೆ ಹೊಳೆಯಿತೋ ಗೊತ್ತಿಲ್ಲ.

"ಹಿಂಡಿ ಹಾಕ್ತೀನಿ. ಶೇಂಗಾ ಹಿಂಡಿ, ಕುಸಬಿ ಹಿಂಡಿ, ಜೋಳದ ತೌಡು. ಬ್ಯಾರೆ ಏನೂ ಇಲ್ಲ."

"ಎಮ್ಮಿ ತಿನ್ನೂದು ಮೀನ ತಿಂತಾವೇನ್ರಿ?"

"ಪ್ರೋಟೀನ್ ಅಂತ ಒಂದು ಸತ್ವ ಇರತೈತ್ರಿ, ಮೈ ಬೆಳಸೂದು. ಮೀನಿನ ಪುಡಿಯೊಳಗ ಇರೂದು ಅದ. ಶೇಂಗಾದೊಳಗೂ ಐತಿ."

ಗೌಡರು ನನ್ನನ್ನು ಕರುಣೆಯಿಂದ ನೋಡಿದರು.

"ಶೇಂಗಾದಾಗ ಐತಿ ಅಂದ್ರ ಶೇಂಗಾನ ತಿನ್ನರೆಪಾ. ನಡುವ ಮೀನಿನ ಉಸಾಬರಿ ಯಾಕ?"

ಇದಕ್ಕೆ ನನ್ನ ಪದವಿಯಲ್ಲಿ ಉತ್ತರ ಇರಲಿಲ್ಲ. ಇಲಾಖೆಯಲ್ಲಿ ಇತ್ತು. "ಯೋಜನಾ ಮಂಜೂರ ಆಗೇತ್ರಿ," ಎಂದೆ.

ಗೌಡರು ಹೊಂಡ ಕೊಟ್ಟರು. ಕರಾರು ಒಂದೇ. ಒಂದು ಚಿಟಿಕೆ ಮೀನಿನ ಪುಡಿ ನೀರಿಗೆ ಬಿದ್ದರೂ ಹೊಂಡ ವಾಪಸ್ಸು. ನಾನು ಮಾತು ಕೊಟ್ಟೆ. ಹೊರಡುವಾಗ ಗೌಡರು ಹಿಂದಿನಿಂದ ಕೂಗಿ ಕೇಳಿದರು:

"ಅವು ಒಂದನ್ನೊಂದು ತಿನ್ನಾಂಗಿಲ್ಲಲ್ರಿ? ತಿಂದ್ರ ಅದೂ ಕರಾರಿನ್ಯಾಗ ಬರತೈತಿ, ನೋಡ್ರಿ."

ಗಾಣಿಗನ ಮರ್ಯಾದೆ

ಹಿಂಡಿಗಾಗಿ ಬಬಲೇಶ್ವರದ ಸಂತೆಗೆ ಹೋದೆ. ಅಲ್ಲಿ ಎತ್ತಿನ ಗಾಣ ಹೂಡುವವನೊಬ್ಬನಿದ್ದ. ಒಳ್ಳೆಯ ಮನುಷ್ಯ. ಅದೇ ತೊಂದರೆಯಾಯಿತು.

"ಎಷ್ಟು ಎಮ್ಮಿ ಅದಾವ್ರಿ ತಮ್ಮವು?"

"ಎಮ್ಮಿ ಇಲ್ಲ. ಮೀನಿಗೆ ಬೇಕು. ಸರಕಾರದ ಮೀನು."

ಅವನು ಗಾಣದ ಎತ್ತು ನಿಲ್ಲಿಸಿದ. ಹಿಂಡಿ ಕೊಂಡವರು ಅವನ ಆಯುಷ್ಯದಲ್ಲಿ ಬೇಕಾದಷ್ಟು ಜನ. ಸರಕಾರ ಬಂದು ಕೇಳಿದ್ದು ಅದೇ ಮೊದಲು. ಮುಂದಿನ ಸಂತೆಗೆ ಚೀಲ ತುಂಬಿಟ್ಟಿರುತ್ತೇನೆ ಎಂದ, ತುಂಬಿಟ್ಟೂ ಇದ್ದ. ಹಿಂಡಿ ಮುಟ್ಟಿದರೆ ಕೈ ಜಾರುತ್ತಿತ್ತು. ತಾಜಾ ಇದೆ ಎಂದು ನಾನೂ ಸಂತೋಷಪಟ್ಟೆ.

ಮರಿ ಮೀನು ಬಿಡಿಸಿ, ಹಿಂಡಿ ಹಾಕಿಸಿ, ಎರಡು ದಿನದ ಮೇಲೆ ಹೊಂಡಕ್ಕೆ ಹೋದರೆ ನೀರಿನ ಮೇಲೆ ಕಾಮನಬಿಲ್ಲು ಮಲಗಿತ್ತು. ದಡದಿಂದ ದಡಕ್ಕೆ ಎಣ್ಣೆ. ಗಾಳಿ ಸಾಲದೆ ಮರಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ನಾನು ಬಬಲೇಶ್ವರಕ್ಕೆ ಓಡಿದೆ.

"ಹಿಂಡಿಯೊಳಗ ಎಣ್ಣಿ ಹಂಗ ಐತಲ್ಲೋ ಮಾರಾಯ!"

"ಹೌದ್ರಿ, ಬೇಕಂತಲೆ ಬಿಟ್ಟೇನ್ರಿ," ಎಂದ ಗಾಣಿಗ ವಿನಯದಿಂದ. "ಊರ ಎಮ್ಮಿಗೆ ಕೊಟ್ಟಂಗ ಒಣಾ ಹಿಂಡಿ ಸರಕಾರಕ್ಕ ಹ್ಯಾಂಗ ಕೊಡ್ಲಿ? ಮಂದಿ ಏನಂದಾರು?"

ಸರಕಾರಕ್ಕೆ ಊರ ಎಮ್ಮೆಗಿಂತ ಹೆಚ್ಚಿನ ಮರ್ಯಾದೆ ಬೇಡವೆಂದು ಅವನನ್ನು ಒಪ್ಪಿಸುವುದರೊಳಗೆ ಹೊತ್ತು ಮುಳುಗಿತು. ಅಷ್ಟರಲ್ಲಿ ಹೊಂಡದಲ್ಲಿ ಮಿಂದ ಎಮ್ಮೆಗಳೆಲ್ಲ ಎಣ್ಣೆ ಸ್ನಾನವಾಗಿ ಹೊಸ ಬೂಟಿನಂತೆ ಹೊಳೆಯುತ್ತಿದ್ದವು. ಗೌಡರು ನನ್ನನ್ನು ಕರೆದು ಬೆನ್ನು ತಟ್ಟಿದರು.

"ನಿಮ್ಮ ಮೀನ ಏನ ಆಗ್ತಾವೋ ಗೊತ್ತಿಲ್ರಿ. ಯೋಜನಾ ಭಾಳ ಚಲೋ ಐತಿ."

ಬಹುವಚನ

ಹೊಂಡದ ಕಾವಲಿಗೆ ತಿಕೋಟಾದ ಒಬ್ಬ ಮುದುಕನನ್ನು ಇಟ್ಟುಕೊಂಡಿದ್ದೆ. ಊರಿಗೆಲ್ಲ ಅವನು ಚಾಚಾ. ಹಿಂಡಿ ನೆನೆಹಾಕಿ, ತೌಡು ಕಲಸಿ, ಉಂಡೆ ಕಟ್ಟಿ, ಬುಟ್ಟಿಯಲ್ಲಿಟ್ಟು ಹಗ್ಗದಿಂದ ನೀರಿಗೆ ಇಳಿಬಿಡುವುದು ಅವನ ಕೆಲಸ. ಇಳಿಬಿಡುವಾಗ ಪಾವಟಿಗೆಯ ಕಲ್ಲು ತಟ್ಟಿ ಕೂಗುತ್ತಿದ್ದ: "ಬರ್ರಿ, ಬರ್ರಿ! ಊಟಕ್ಕ ಬರ್ರಿ!"

ಮೀನುಗಳು ಸದ್ದು ಕಲಿತವು. ಕಲ್ಲು ತಟ್ಟಿದರೆ ಸಾಕು, ಬರುತ್ತಿದ್ದವು. ಅದೇ ಚಾಚಾ ತನ್ನ ಆಡುಗಳನ್ನು ಕರೆಯುವುದನ್ನು ಕೇಳಿದ್ದೆ. ಅಲ್ಲಿ ಬಳಸುತ್ತಿದ್ದ ಶಬ್ದಗಳನ್ನು ಇಲ್ಲಿ ಬರೆಯಲಾರೆ.

"ಚಾಚಾ, ಆಡಿಗೆ ಲೇ ಅಂತೀ, ಮೀನಿಗೆ ಯಾಕ ರೀ ಹಚ್ಚತೀ?"

ಚಾಚಾ ನನ್ನ ಅಜ್ಞಾನಕ್ಕೆ ಮರುಗಿದ.

"ಆಡು ನನ್ನವು ಸಾಹೇಬ. ಇವು ಸರಕಾರಿ ನೌಕರಿ ಮ್ಯಾಗ ಬಂದಾವ. ಕೆಲಸಿಲ್ಲ, ಹೊತ್ತಿಗಿ ಸರಿಯಾಗಿ ಊಟ. ತಮಗ ರೀ ಹಚ್ಚಿ ಇವಕ್ಕ ಲೇ ಅಂದ್ರ ಚಲೋ ಕಾಣತೈತೇನ್ರಿ?"

ಬಸ್ಸು ಹತ್ತದ ಚೀಲ

ನನ್ನ ಮೇಲಧಿಕಾರಿ ಕರಾವಳಿಯ ಕಡೆಯವರು. ಕಡಲು ನೋಡಿ ಬೆಳೆದವರು. ಹೊಂಡ ನೋಡಿದರೆ ಅವರಿಗೆ ಅವಮಾನವಾಗುತ್ತಿತ್ತು. ಹಿಂಡಿಯ ಸುದ್ದಿ ಕೇಳಿ ಅವರು ವಿಜಾಪುರಕ್ಕೆ ಬಂದಾಗ ಕಚೇರಿಯಲ್ಲೇ ನನ್ನನ್ನು ನಿಲ್ಲಿಸಿಕೊಂಡರು.

"ಏನ್ರೀ ಇದು? ಮೀನು ಮೀನನ್ನೇ ತಿಂದು ಬೆಳೀಬೇಕು. ಹಿಂಡಿ ತಿಂದು ಬೆಳೆದದ್ದು ಮೀನಲ್ಲ, ಕರು."

"ಗೆಂಡೆ ಮೀನು ಹೊಟ್ಟೆಗೆ ಹೋದದ್ದನ್ನು ನೋಡುತ್ತದೆ ಸಾರ್. ಅದು ಎಲ್ಲಿಂದ ಬಂತು ಎಂದು ವಿಚಾರಿಸುವುದಿಲ್ಲ."

"ಪುಡಿ ಕಳಿಸ್ತೇನೆ. ಹಾಕಿ."

ರೈಲಿನಲ್ಲಿ ಚೀಲ ಬಂತು. ಅದನ್ನು ಕಚೇರಿಯಲ್ಲಿ ಇಳಿಸಿದ ದಿನ ನಮ್ಮ ಗುಮಾಸ್ತರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಒಂದೋ ಚೀಲ ಇರಬೇಕು, ಇಲ್ಲವೇ ತಾವಿರಬೇಕು ಎಂದರು. ಹೊಂಡದ ಹತ್ತಿರ ಗೌಡರಿಗೆ ಕೊಟ್ಟ ಮಾತಿತ್ತು. ಇಲ್ಲಿ ಮೇಲಧಿಕಾರಿ ಸಾಹೇಬರ ಹುಕುಂ ಇತ್ತು. ಹುಕುಂ ಪಾಲಿಸಲು ಪ್ರಯತ್ನಪಟ್ಟೆ ಎಂದು ಹೇಳಿಕೊಳ್ಳುವುದಕ್ಕಾದರೂ ಇರಲಿ ಎಂದು ಚೀಲವನ್ನು ತಿಕೋಟಾ ಬಸ್ಸಿನ ಹತ್ತಿರ ಒಯ್ದೆ.

ಕಂಡಕ್ಟರ್ ಚೀಲದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಒಳಗ ಯಾರ ಅದಾರ್ರಿ?"

"ಯಾರೂ ಇಲ್ಲ. ಮೀನಿನ ಪುಡಿ."

"ಹಿಂಗ ನಾರಬೇಕಂದ್ರ ಯಾರರೆ ಇರಬೇಕಲ್ರಿ."

ಬಸ್ಸಿನೊಳಗಿನ ಹೆಂಗಸರು ಸೆರಗು ಮೂಗಿಗೆ ಹಚ್ಚಿದರು. ಕೊನೆಗೆ ಕಂಡಕ್ಟರ್ ಚೀಲವನ್ನು ಬಸ್ಸಿನ ಟಪ್ಪಿನ ಮೇಲೆ ಹಾಕಲು ಒಪ್ಪಿದ. ಬಸ್ಸು ಹೊರಡುವ ಮೊದಲೇ ನಿಲ್ದಾಣದ ನಾಯಿಗಳೆಲ್ಲ ಅದರ ಸುತ್ತ ಕೂತಿದ್ದವು, ಟಿಕೇಟು ಕೊಂಡವರ ಹಾಗೆ. ಬಸ್ಸು ಹೊರಟಿತು, ನಾಯಿಗಳೂ ಹೊರಟವು. ಊರ ಅಗಸಿ ದಾಟುವುದರೊಳಗೆ ಓಣಿ ಓಣಿಯ ನಾಯಿಗಳು ಬಂದು ಸೇರಿದವು. ಡ್ರೈವರ್ ಬಸ್ಸು ನಿಲ್ಲಿಸಿ ಕೆಳಗಿಳಿದು ಬಂದ.

"ಸಾಹೇಬ್ರ, ನನ್ನ ಸರ್ವೀಸಿನ್ಯಾಗ ಬಸ್ಸಿನ ಹಿಂದ ಮಂದಿ ಓಡ್ಯಾರ. ನಾಯಿ ಮೆರವಣಿಗಿ ಇದ ಪೈಲಾ. ಚೀಲ ಇಳಸ್ರಿ."

ಸಂತೋಷದಿಂದ ಇಳಿಸಿದೆ. ಟಾಂಗಾದಲ್ಲಿ ವಾಪಸ್ಸು ತಂದು ಕಚೇರಿಯ ಹಿಂದಿನ ಪಾಳು ಕೋಣೆಯಲ್ಲಿ ಹಾಕಿ ಬಾಗಿಲು ಮುಚ್ಚಿದೆ. ಸಾಹೇಬರಿಗೆ ಬರೆದೆ: "ಪುಡಿಯನ್ನು ಸಾಗಿಸಲು ಸಾರ್ವಜನಿಕರ ವಿರೋಧವಿದೆ. ನಾಯಿಗಳ ಬೆಂಬಲವಿದೆ."

ಶ್ರಾವಣ

ಗೌಡರ ತಾಯಿಯನ್ನು ಊರೆಲ್ಲ ಆಯಿ ಎನ್ನುತ್ತಿತ್ತು. ಬಾಗಿದ ಬೆನ್ನು, ಬಾಗದ ಮಾತು. ಶ್ರಾವಣದ ಒಂದು ಸೋಮವಾರ ನಾನು ಹೊಂಡಕ್ಕೆ ಹೋದಾಗ ಮೇವಿನ ಬುಟ್ಟಿ ಒಣಗಿತ್ತು. ಚಾಚಾ ತಲೆ ತಗ್ಗಿಸಿ ಕೂತಿದ್ದ.

"ಯಾಕ ಚಾಚಾ, ಮುಂಜಾನೆ ಮೇವು ಹಾಕಿಲ್ಲೇನು?"

"ಆಯಿ ಬ್ಯಾಡಂದಾಳ್ರಿ."

ಆಯಿ ಪಾವಟಿಗೆಯ ಮೇಲೇ ಕೂತಿದ್ದಳು.

"ಹೌದಪಾ, ನಾನ ಬ್ಯಾಡಂದೇನಿ. ಶ್ರಾವಣ ಸ್ವಾಮಾರ. ಊರಿಗೆ ಊರ ಒಪ್ಪತ್ತ ಮಾಡತೈತಿ. ಇವು ಮುಂಜಾನೆದ್ದು ಗಬಾಗಬಾ ನುಂಗತಾವಂದ್ರ ಏನ್ ರೀತಿ?"

"ಆಯಿ, ಅವು ಮೀನವಾ!"

"ಮೀನಾದ್ರೇನು? ನನ್ನ ಮಗಾ ಹೇಳ್ಯಾನ, ಅವು ನಮ್ಮಂಗ ಕಾಳುಕಡಿ ಮ್ಯಾಲ ಬದುಕ್ಯಾವಂತ. ನಮ್ಮಂಗ ಉಂಡಮ್ಯಾಲ ನಮ್ಮಂಗ ಇರಬೇಕು. ಸಂಜೀಕ ಹಾಕು. ಸಾಯೂದಿಲ್ಲ."

ಮೀನಿಗೆ ಧರ್ಮವಿಲ್ಲ, ವಾರವಿಲ್ಲ ಎಂದು ನಾನು ವಿಜ್ಞಾನದ ಮಾತು ಹೇಳಿದೆ. ಆಯಿ ತೂಕಡಿಸಿದಳು. ಸಂಜೆಗೆ ಬುಟ್ಟಿ ಇಳಿಸಿದರೆ ಮೀನುಗಳು ಬಿದ್ದು ತಿಂದವು, ಒಂದು ಅಗುಳೂ ಉಳಿಯಲಿಲ್ಲ. ಉಳಿದ ಹಿಂಡಿ ತಳದಲ್ಲಿ ಕೊಳೆತು ನೀರು ನಾರುತ್ತಿದ್ದ ತೊಂದರೆ ಕೆಲವು ಸೋಮವಾರಗಳಲ್ಲಿ ಹೋಯಿತು. ನಾನು ವರದಿಯಲ್ಲಿ "ವಾರಕ್ಕೊಮ್ಮೆ ಮೇವಿಗೆ ವಿರಾಮ, ಫಲ ಉತ್ತಮ" ಎಂದು ಬರೆದೆ. ಸಾಹೇಬರು ಅಂಚಿನಲ್ಲಿ "ಅವೈಜ್ಞಾನಿಕ" ಎಂದು ಬರೆದು ವಾಪಸ್ಸು ಕಳಿಸಿದರು. ಆಯಿಗೆ ಓದಿ ಹೇಳಿದೆ.

"ಅವನೌನ, ಅಂವಾ ಒಪ್ಪತ್ತ ಮಾಡೂದಿಲ್ಲೇನು?" ಎಂದಳು. "ಅದಕ್ಕ ಹೊಟ್ಟಿ ಬಂದೈತಿ."

ಆಕೆ ಸಾಹೇಬರನ್ನು ಇನ್ನೂ ನೋಡಿಯೇ ಇರಲಿಲ್ಲ. ಹೊಟ್ಟೆ ಮಾತ್ರ ನಿಜವಾಗಿತ್ತು.

ಚರಗ

ಸಾಹೇಬರು ಸುಮ್ಮನಿರಲಿಲ್ಲ. ಚಳಿಗಾಲದಲ್ಲಿ ಖುದ್ದು ತಪಾಸಣೆಗೆ ಬರುತ್ತೇನೆ, ಮೀನು ಬೆಳೆದಿಲ್ಲವಾದರೆ ಹೊಂಡದ ಕೆಲಸ ಬಂದ್, ಮರಿಗಳು ಮುಂದಿನ ಸಲ ಬೇರೆ ಜಿಲ್ಲೆಗೆ, ನೀವು ಕಡಲ ತೀರಕ್ಕೆ ದೋಣಿ ನೋಡಿಕೊಳ್ಳಲು ಎಂದು ತಿಳಿಸಿದರು. ನನಗೆ ದೋಣಿಗಳ ಮೇಲೆ ದ್ವೇಷವಿಲ್ಲ. ಆದರೆ ಹಿಂಡಿ ತಿಂದ ಮೀನು ಬೆಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಇಷ್ಟಾಗಿ ಸೋಲೊಪ್ಪಿ ಹೋಗುವ ಮನಸ್ಸಿರಲಿಲ್ಲ.

ಅವರು ಆರಿಸಿದ ದಿನ ಎಳ್ಳಮಾವಾಸ್ಯೆ. ಆ ದಿನ ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ. ಬುತ್ತಿ ಕಟ್ಟಿಕೊಂಡು, ಗಾಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ನಾಲ್ಕೂ ದಿಕ್ಕಿಗೆ ಭೂಮಿಗೆ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಅದೇ ಚರಗ. ಇದನ್ನು ಸಾಹೇಬರಿಗೆ ಮೊದಲೇ ತಿಳಿಸಬಹುದಿತ್ತು. ತಿಳಿಸಲಿಲ್ಲ.

ಜೀಪು ಬಂತು. ಸಾಹೇಬರು ಇಳಿದರು, ಅವರ ಹಿಂದೆ ಬಲೆ ಹಾಕುವ ಇಬ್ಬರು, ಅವರ ಹಿಂದೆ ಹೊಸದೊಂದು ಪುಡಿಯ ಚೀಲ. ಜೀಪಿನ ಹಿಂದೆ, ತುಸು ದೂರದಲ್ಲಿ, ದಾರಿಯ ಊರುಗಳ ನಾಯಿಗಳು.

ಬಲೆ ಎಳೆದರು. ಒಂದು ಒಡೆದ ಕೊಡ ಬಂತು. ಮತ್ತೆ ಎಳೆದರು. ಯಾರದೋ ಧೋತರ ಬಂತು. ತಳದಲ್ಲಿ ಕಲ್ಲುಗಳಿದ್ದವು. ಚಳಿಗೆ ಮೀನುಗಳು ಅವುಗಳ ಸಂದಿಯಲ್ಲಿ ಸೇರಿದ್ದವು. ಬಲೆ ಅವುಗಳ ತಲೆಯ ಮೇಲೆ ಹಾದುಹೋಗುತ್ತಿತ್ತು.

"ಎಲ್ಲಿ ನಿಮ್ಮ ಸಸ್ಯಾಹಾರಿ ಮೀನುಗಳು?" ಎಂದರು ಸಾಹೇಬರು. "ಧೋತರ ಬಿಟ್ಟು ಓಡಿಹೋದವೋ?"

"ಕೆಳಗಿವೆ ಸಾರ್. ಮೇವು ಹಾಕಿದರೆ ಬರುತ್ತವೆ." ಆದರೆ ಚಾಚಾನ ಬುಟ್ಟಿ ಖಾಲಿ. ಇವತ್ತು ಹಬ್ಬ, ತಾನು ಬರುವವರೆಗೆ ಏನೂ ಹಾಕಕೂಡದು ಎಂದು ಆಯಿ ತಾಕೀತು ಮಾಡಿ, ಹಿಂಡಿಯ ಕೋಣೆಯ ಕೀಲಿಕೈ ಸೊಂಟಕ್ಕೆ ಸಿಗಿಸಿಕೊಂಡು ಹೊಲಕ್ಕೆ ಹೋಗಿದ್ದಳು.

"ಮೇವು ತಾನೆ? ನಾನು ಹಾಕ್ತೇನೆ," ಎಂದು ಸಾಹೇಬರು ಚೀಲದ ಬಾಯಿ ಬಿಚ್ಚಿದರು.

ನಾನು ಪಾವಟಿಗೆಗೂ ಅವರಿಗೂ ನಡುವೆ ಹೋಗಿ ನಿಂತೆ.

"ಅದನ್ನು ಈ ನೀರಿಗೆ ಹಾಕುವಂತಿಲ್ಲ ಸಾರ್."

"ನಾನು ನಿಮ್ಮ ಮೇಲಧಿಕಾರಿ."

"ಹೌದು ಸಾರ್. ಹೊಂಡ ಗೌಡರದು."

"ಪಕ್ಕಕ್ಕೆ ಸರೀರಿ."

"ನಾನು ಸರಿಯುವುದಿಲ್ಲ. ಬೇಕಾದರೆ ದೋಣಿಯ ಹುಕುಂ ಇಲ್ಲೇ ಬರೆಯಿರಿ."

ಚಾಚಾನೂ ಬಂದು ನನ್ನ ಪಕ್ಕ ನಿಂತ. "ನನಗೂ ಒಂದ ಬರೀರಿ ಸಾಹೇಬ. ಸಮುದ್ರ ನೋಡಿಲ್ಲ ನಾ."

ಸಾಹೇಬರು ಚೀಲ ಅಲ್ಲೇ ಬಿಟ್ಟು, ಹೊಂಡದ ದಡಕ್ಕೇ ನಿಂತಿದ್ದ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹಾಸಿ ಬರೆಯತೊಡಗಿದರು. ಆಗ ಗೌಡರ ಗಾಡಿ ಬಂತು. ಆಯಿ ಬುಟ್ಟಿ ಹೊತ್ತು ಇಳಿದಳು. ಸಜ್ಜಿ ರೊಟ್ಟಿ, ಕಡುಬು, ಪುಂಡಿ ಪಲ್ಯ, ಬಜ್ಜಿ, ಶೇಂಗಾ ಹೋಳಿಗೆ ಎಲ್ಲ ಕಲಸಿದ ಚರಗ. ಹೊಲಕ್ಕೆ ಚೆಲ್ಲಿ ಉಳಿದದ್ದಲ್ಲ, ಹೊಂಡಕ್ಕೆಂದೇ ಎತ್ತಿಟ್ಟದ್ದು.

"ಭೂಮಿತಾಯಿಗೆ ಕೊಟ್ಟು ಬಂದ್ವಿ. ಇವು ಏನ್ ಪಾಪ ಮಾಡ್ಯಾವ?" ಎನ್ನುತ್ತ ಯಾರ ಕಡೆಗೂ ನೋಡದೆ ಪಾವಟಿಗೆ ಇಳಿದಳು. ಕಲ್ಲು ತಟ್ಟಿ, ಚರಗ ಚೆಲ್ಲುವಾಗಿನ ಕೂಗು ಹಾಕಿದಳು. "ಹುಲ್ಲುಲಿಗೋ! ಬರ್ರಿ, ಊಟಕ್ಕ ಬರ್ರಿ!"

ಮುಂಜಾನೆಯಿಂದ ಉಪವಾಸ ಇದ್ದ ಹೊಂಡ ಕುದಿಯಿತು. ಕಲ್ಲಿನ ಸಂದಿಯಿಂದ ಎದ್ದುಬಂದ ಮೀನುಗಳು ಒಂದರ ಬೆನ್ನ ಮೇಲೊಂದು ಬಿದ್ದವು. ತೋಳಿನಷ್ಟು ದಪ್ಪನೆಯವು. ಒಂದು ಕಾಟ್ಲಾ ಮೀನು ಕಡುಬಿಗಾಗಿ ಹಾರಿ ಬಾಲ ಬೀಸಿದ್ದೇ, ನೀರು ಸೀದಾ ಬಾನೆಟ್ಟಿನ ಮೇಲಿನ ಹುಕುಮಿಗೆ ಬಿತ್ತು. ಶಾಯಿ ಹರಿದುಹೋಯಿತು.

ಸಾಹೇಬರು ಪೆನ್ನು ಜೇಬಿಗೆ ಸಿಗಿಸಿ ಪಾವಟಿಗೆಯವರೆಗೆ ಬಂದರು.

"ಹಿಂಡಿ ತಿಂದು ಇಷ್ಟು ಬೆಳೆದವೋ?"

"ಸೋಮವಾರ ಬಿಟ್ಟು ಸಾರ್."

ಅವರೊಳಗಿನ ಅಧಿಕಾರಿ ಸೋತಿದ್ದ, ಕರಾವಳಿಯವನು ಎಚ್ಚೆತ್ತ. "ಬಲೆ ತನ್ನಿರೋ! ಎರಡು ಹಿಡೀರಿ. ಮಸಾಲೆ ಹಚ್ಚಿ ಹುರಿದರೆ..."

ಆಯಿ ಖಾಲಿ ಬುಟ್ಟಿ ಎತ್ತಿಕೊಂಡು ಮೇಲೆ ಬಂದಳು.

"ಯಾರಲೇ ಅಂವಾ ಬಲಿ ಅನ್ನಾಂವಾ? ಹಬ್ಬದ ದಿನ ಉಣ್ಣಾಕ ಕರದು, ಉಣ್ಣಾಕ ಕುಂತವರನ್ನ ಹಿಡಕೊಂಡು ಹೋಗತೀಯೇನು? ನಿಮ್ಮ ಊರಾಗ ಹಿಂಗ ಮಾಡತಾರೇನು?"

"ಅಮ್ಮಾ, ನಾನು ಇಲಾಖೆಯ..."

"ಹಸದೀ ಏನು? ಅದನ್ನ ಹೇಳು. ಕುಂಡರು."

ಗೌಡರು ಚಾಪೆ ಹಾಸಿದರು. ಸಾಹೇಬರು ಕೂತರು. ಮೊದಲ ರೊಟ್ಟಿ ಸಿಟ್ಟಿನಿಂದ ಮುರಿದರು. ಎರಡನೆಯದನ್ನು ಬಜ್ಜಿ ಹಚ್ಚಿ ತಿಂದರು. ಶೇಂಗಾ ಹೋಳಿಗೆ ಬಂದಾಗ ಕೈ ತಾವಾಗಿಯೇ ಮುಂದೆ ಚಾಚಿದರು. ಗೌಡರು ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ನೋಡ್ರಿ, ಅವತ್ತ ನಾ ಹೇಳಿದ್ನಿ. ಶೇಂಗಾನ ತಿನ್ರಿ, ನಡುವ ಮೀನಿನ ಉಸಾಬರಿ ಬ್ಯಾಡ."

ಊಟ ಮುಗಿಸಿ ಎದ್ದಾಗ ಚೀಲ ನೆನಪಾಯಿತು. ನಾಯಿಗಳು ಅದನ್ನು ಕೊಡವಿ ನೆಕ್ಕಿದ್ದವು, ಮಡಚಿಡುವುದೊಂದನ್ನು ಬಿಟ್ಟು ಎಲ್ಲ ಮಾಡಿದ್ದವು. ಮೀನುಗಾರಿಕೆ ಇಲಾಖೆಯ ಆ ದಿನದ ತಪಾಸಣೆಯಲ್ಲಿ ಮೀನು ತಿಂದವರು ಅವು ಮಾತ್ರ.

ಸಾಹೇಬರು ಹೊಂಡ ಮುಂದುವರಿಯಲಿ, ಮೇವು ಈಗಿನಂತೆಯೇ ಇರಲಿ ಎಂದು ಬರೆದುಕೊಟ್ಟು ಹೋದರು. ನಾನು ಗೆದ್ದೆ ಎಂದುಕೊಂಡು ಹಬ್ಬ ಮುಗಿದ ವಾರಕ್ಕೆ ಮೀನು ಹಿಡಿಸುವ ಮಾತೆತ್ತಿದೆ. ಗೌಡರು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು.

"ಹಿಡೀರಿ, ನಂದೇನ ತಕರಾರಿಲ್ಲ. ಒಂದ ಕರಾರು. ಆಯಿ ಊರಾಗ ಇಲ್ಲದ ದಿನ ಹಿಡೀರಿ."

ಆಯಿಯ ಮಗಳ ಮನೆ ಬಬಲೇಶ್ವರದಲ್ಲಿತ್ತು. ವರ್ಷಕ್ಕೆ ನಾಲ್ಕು ಸಲ ಹೋಗಿ ವಾರಗಟ್ಟಲೆ ಇದ್ದು ಬರುವ ರೂಢಿ. ನಾನೇ ಸರಕಾರದ ಜೀಪು ಕೇಳಿ ತಂದು, ಮಗಳ ಮನೆಗೆ ಬಿಟ್ಟು ಬರುತ್ತೇನೆ ಎಂದು ಆಯಿಗೆ ಹೇಳಿದೆ. ಪಾವಟಿಗೆಯ ಮೇಲೆ ಕೂತಿದ್ದ ಆಯಿ ನನ್ನನ್ನೂ, ನನ್ನ ಹಿಂದೆ ಚಾಚಾ ಬೆನ್ನಿಗೆ ಅಡಗಿಸಿಕೊಂಡಿದ್ದ ಬಲೆಯನ್ನೂ ನೋಡಿದಳು.

"ಮಗಳಿಗೇ ಇಲ್ಲಿ ಬರಾಕ ಹೇಳು, ತಮ್ಮಾ," ಎಂದಳು. "ಜೀಪು ಹೆಂಗೂ ಖಾಲಿ ಐತಿ."